ದೈನಂದಿನ ನೋವಿನ ಶಮನ: ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಬೇರು, ತೈಲ, ಮಾತ್ರೆ

ನೋವು ಎಂದರೇನು

ದೇಹದ ಅಂಗಾಂಶಕ್ಕೆ ಹಾನಿಯಾದಾಗ, ಅಥವಾ ಹಾನಿಯ ಸಂಭವವನ್ನು ನರಮಂಡಲ ಗ್ರಹಿಸಿದಾಗ ಉಂಟಾಗುವ ಅಹಿತಕರ ಅನುಭವವೇ ನೋವು. ಚರ್ಮ, ಸ್ನಾಯು, ಕೀಲು, ಹಲ್ಲಿನ ತಿರುಳು, ಒಳಾಂಗಗಳ ಪೊರೆ ಇವುಗಳಲ್ಲೆಲ್ಲ ನೋವನ್ನು ಗ್ರಹಿಸುವ ಸೂಕ್ಷ್ಮ ನರತುದಿಗಳಿವೆ. ಅತಿಯಾದ ಒತ್ತಡ, ಶಾಖ ಅಥವಾ ರಾಸಾಯನಿಕ ಪ್ರಚೋದನೆ ತಗುಲಿದೊಡನೆ ಅವು ಬೆನ್ನುಹುರಿಗೆ ಸಂಕೇತ ಕಳಿಸುತ್ತವೆ. ಅಲ್ಲಿಂದ ಸಂಕೇತ ಮೆದುಳನ್ನು ಸೇರುತ್ತದೆ. ಸಂಕೇತವನ್ನು ಒಯ್ಯುವ ತಂತುಗಳಲ್ಲಿ ಎರಡು ಬಗೆ. ಎಡವಿದ ಕಾಲ್ಬೆರಳಿನಲ್ಲಿ ಒಡನೆಯೇ ಚುರುಕ್ಕೆನ್ನುವ ನೋವು ವೇಗದ ತಂತುಗಳದು; ಸ್ವಲ್ಪ ತಡೆದು ಆರಂಭವಾಗಿ ಬಹಳ ಹೊತ್ತು ನಿಲ್ಲುವ ಮಂದ ನೋವು ನಿಧಾನದ ತಂತುಗಳದು.

ಪೆಟ್ಟು ಬಿದ್ದ ಜಾಗದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಉತ್ಪತ್ತಿಯಾಗುತ್ತವೆ. ಅವು ನರತುದಿಗಳನ್ನು ಅತಿಸೂಕ್ಷ್ಮವಾಗಿಸುವುದರಿಂದಲೇ ಊದಿಕೊಂಡ ಬೆರಳಿಗೆ ಬಟ್ಟೆ ಸೋಕಿದರೂ ನೋಯುತ್ತದೆ. ನೋವಿದ್ದ ಜಾಗವನ್ನು ಉಜ್ಜಿದಾಗ ಹಾಯೆನಿಸುವುದೂ ಭ್ರಮೆಯಲ್ಲ. ಸ್ಪರ್ಶದ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂಕೇತಗಳನ್ನು ತಡೆಯಬಲ್ಲವು ಎಂಬ ದ್ವಾರಸಿದ್ಧಾಂತವನ್ನು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಮುಲಾಮು ಯಾವುದೇ ಇರಲಿ, ಅದರ ಗುಣದಲ್ಲಿ ಒಂದು ಪಾಲು ಹಚ್ಚುವ ಕೈಗೆ ಸಲ್ಲಬೇಕು.

ಗಾಯ ಮಾಯುವುದರೊಂದಿಗೆ ಮಾಯವಾಗುವ ನೋವು ತೀವ್ರ ನೋವು. 3 ತಿಂಗಳು ಮೀರಿ ಉಳಿಯುವುದು ದೀರ್ಘಕಾಲಿಕ ನೋವು. ಮೊದಲನೆಯದಕ್ಕೆ ಹೊಂದುವ ಮದ್ದು ಎರಡನೆಯದಕ್ಕೆ ಹೊಂದಬೇಕೆಂದಿಲ್ಲ.

ದುಡಿಮೆ ಮತ್ತು ನೋವು

ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳು ಪಶ್ಚಿಮಘಟ್ಟದ ಪೂರ್ವದ ಮಡಿಲಿನಲ್ಲಿವೆ. ಕನ್ನಡ ಓದುಗರಿಗೆ ದಿಂಡಿಗಲ್ ಹೈದರಾಲಿ 1755ರಲ್ಲಿ ಫೌಜುದಾರನಾದ ಕೋಟೆಯೆಂದು ಪರಿಚಿತ. ಕನ್ನಡದ ನಂಟು ಅಲ್ಲಿಗೇ ಮುಗಿಯುವುದಿಲ್ಲ. ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಶತಮಾನಗಳಿಂದ ನೆಲೆಸಿರುವ ಒಕ್ಕಲಿಗರನ್ನು ತಮಿಳರು ಕಾಪ್ಪಿಲಿಯರ್ ಎಂದು ಕರೆಯುತ್ತಾರೆ. ಅವರ ಮನೆಮಾತು ಕನ್ನಡದ ಒಂದು ಹಳೆಯ ಕವಲು. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ನೇಕಾರರಲ್ಲಿಯೂ ಕನ್ನಡವನ್ನು ಉಳಿಸಿಕೊಂಡ ದೇವಾಂಗ ಕುಟುಂಬಗಳಿವೆ.

ಇಲ್ಲಿನ ಮೈಕೈನೋವಿನ ನಕ್ಷೆಯನ್ನು ಇಲ್ಲಿನ ಕಸುಬುಗಳೇ ಬರೆದಿವೆ. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ಬಳ್ಳಿ ತಲೆಗಿಂತ ಎತ್ತರದ ಚಪ್ಪರದ ಮೇಲೆ ಹಬ್ಬುವುದರಿಂದ ಸವರುವವರೂ ಗೊಂಚಲು ಕೊಯ್ಯುವವರೂ ದಿನವಿಡೀ ಕತ್ತು ಹಿಂದಕ್ಕೆ ಬಾಗಿಸಿ, ಕೈ ಮೇಲೆತ್ತಿ ನಿಲ್ಲಬೇಕು. ನೋವು ಭುಜಕ್ಕೂ ಕುತ್ತಿಗೆಗೂ ಇಳಿಯುತ್ತದೆ. ಏಲಕ್ಕಿಯದು ಇದಕ್ಕೆ ತದ್ವಿರುದ್ಧ. ಕಾಯಿ ಗಿಡದ ಬುಡದಲ್ಲಿ, ನೆಲಕ್ಕೆ ತಾಗಿದ ಗೊಂಚಲುಗಳಲ್ಲಿ ಬಿಡುತ್ತದೆ. ಬೋಡಿನಾಯಕನೂರು, ಕಂಬಂ, ತೇವಾರಂ ಕಡೆಯ ಹೆಂಗಸರು ನಸುಕಿನಲ್ಲಿ ಜೀಪಿನಲ್ಲಿ ಘಟ್ಟ ಹತ್ತಿ, ಕೇರಳದ ಇಡುಕ್ಕಿಯ ತೋಟಗಳಲ್ಲಿ ಕುಕ್ಕರುಗಾಲಿನಲ್ಲಿ ಕೊಯ್ಲು ಮಾಡಿ, ಸಂಜೆ ಅದೇ ತಿರುವುಗಳಲ್ಲಿ ಕುಲುಕಾಡುತ್ತ ಇಳಿಯುತ್ತಾರೆ. ಅವರ ನೋವು ಸೊಂಟ ಮತ್ತು ಮೊಣಕಾಲಿನದು. ಕುಳಿಮಗ್ಗದ ನೇಕಾರನಿಗೆ ಬೆನ್ನು. ದಿಂಡಿಗಲ್ ಬೀಗದ ಬಿಡಿಭಾಗಗಳಿಗೆ ಅರ ಹಾಕುವವನಿಗೆ ಮಣಿಕಟ್ಟು.

ಇಂಥ ನೋವಿನ ಮೂಲ ಒಂದೇ ಭಂಗಿಯ ದೀರ್ಘ ಪುನರಾವೃತ್ತಿ. ಆದ್ದರಿಂದ ಗಂಟೆಗೊಮ್ಮೆ ಭಂಗಿ ಬದಲಿಸುವುದು, ಕೂರಲು ಗಿಡ್ಡ ಮಣೆ, ಏರಿ ನಿಲ್ಲಲು ಹಲಗೆ ಇವೂ ಚಿಕಿತ್ಸೆಯೇ. ಬೆಲೆಯಲ್ಲಿ ಇವು ಮಾತ್ರೆಗಿಂತ ಅಗ್ಗ, ಆದರೆ ಒದಗಿಸಬೇಕಾದವನು ತೋಟದ ಮಾಲೀಕ ಎಂಬುದೇ ತೊಡಕು.

ಮನೆಯ ಮದ್ದುಗಳು

ಅತ್ಯಂತ ಸರಳವಾದ ಉಪಚಾರಗಳು ಶಾಖ ಮತ್ತು ಶೀತ. ಉಳುಕಿದ ಕಾಲಿಗೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹೊಂದುತ್ತದೆ. ಶೀತ ರಕ್ತನಾಳಗಳನ್ನು ಸಂಕುಚಿಸಿ ಊತವನ್ನು ಮಿತಿಯಲ್ಲಿಡುತ್ತದೆ. ದುಡಿದು ಬಿಗಿದ ಸ್ನಾಯುವಿಗೆ ಶಾಖ ಹೊಂದುತ್ತದೆ. ಹುರಿದ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು ಎರಡೂ ಜಿಲ್ಲೆಗಳ ಮನೆಗಳಲ್ಲಿ ಇಂದಿಗೂ ಸಾಮಾನ್ಯ. ಬಹುಕಾಲದ ಮಧುಮೇಹಿಗಳ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರುವುದುಂಟು. ಅಂಥವರಿಗೆ ಶಾಖ ಕೊಡುವ ಮುನ್ನ ಮತ್ತೊಬ್ಬರು ತಮ್ಮ ಕೈಯಿಂದ ಬಿಸಿಯನ್ನು ಪರೀಕ್ಷಿಸಬೇಕು. ಇಲ್ಲವಾದರೆ ಬೊಬ್ಬೆ ಎದ್ದ ಮೇಲೆಯೇ ತಿಳಿಯುತ್ತದೆ.

ತಲೆನೋವಿಗೆ ಒಣಶುಂಠಿಯನ್ನು ತೇಯ್ದು ಹಣೆಗೆ ಪಟ್ಟು ಹಾಕುತ್ತಾರೆ. ಶುಂಠಿ, ಕೊತ್ತಂಬರಿ ಬೀಜ ಕುದಿಸಿದ ಸುಕ್ಕು ಮಲ್ಲಿ ಕಾಫಿ ಬೀದಿಬದಿಯಲ್ಲೂ ಸಿಗುವ ಪಾನೀಯ. ಶುಂಠಿಯಲ್ಲಿರುವ ಜಿಂಜೆರಾಲ್ ಮುಂತಾದ ಅಂಶಗಳು ಪ್ರೊಸ್ಟಗ್ಲ್ಯಾಂಡಿನ್ ಉತ್ಪತ್ತಿಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಮುಟ್ಟಿನ ಹೊಟ್ಟೆನೋವಿನಲ್ಲಿ ಅದರ ಗುಣವನ್ನು ಪರೀಕ್ಷಿಸಿದ ಹಲವು ಪ್ರಯೋಗಗಳು ಸಾಧಾರಣ ಪ್ರಮಾಣದ ಪ್ರಯೋಜನವನ್ನು ತೋರಿಸಿವೆ. ಲವಂಗದ ಯೂಜಿನಾಲ್ ನರತುದಿಗಳನ್ನು ತಾತ್ಕಾಲಿಕವಾಗಿ ಮರಗಟ್ಟಿಸುತ್ತದೆ. ದಂತವೈದ್ಯರೂ ಅದನ್ನು ಬಳಸುತ್ತಾರೆ. ಆದರೆ ಹುಳುಕು ಲವಂಗಕ್ಕೆ ವಾಸಿಯಾಗುವುದಿಲ್ಲ, ನೋವು ಮಾತ್ರ ಮುಂದಕ್ಕೆ ಹೋಗುತ್ತದೆ.

ಬೇಲಿಗಳಲ್ಲಿ ಹಬ್ಬುವ ಮುಡಕ್ಕತ್ತಾನ್ ಬಳ್ಳಿ ಕೀಲುನೋವಿಗೆಂದು ದೋಸೆಯ ಹಿಟ್ಟಿಗೂ ಸಾರಿಗೂ ಸೇರುತ್ತದೆ. ಸಂಸ್ಕೃತದಲ್ಲಿ ಇದು ಇಂದ್ರವಲ್ಲಿ. ಕನ್ನಡನಾಡಿನ ಲಕ್ಕಿ ಗಿಡ ಇಲ್ಲಿ ನೊಚ್ಚಿ ಎನಿಸಿಕೊಂಡು, ಅದರ ಸೊಪ್ಪು ನೆಗಡಿಯ ತಲೆಭಾರಕ್ಕೆ ಹಬೆಯಾಗಿ, ಮೈಕೈನೋವಿಗೆ ಸ್ನಾನದ ನೀರಾಗಿ ಬಳಕೆಯಾಗುತ್ತದೆ. ಪ್ರಯೋಗಾಲಯದಲ್ಲಿ ಇವೆರಡೂ ಉರಿಯೂತವನ್ನು ತಗ್ಗಿಸುವ ಲಕ್ಷಣ ತೋರಿವೆ. ಮನುಷ್ಯರಲ್ಲಿ ನಡೆದ ದೊಡ್ಡ ಪ್ರಯೋಗಗಳ ಬೆಂಬಲ ಅವಕ್ಕಿನ್ನೂ ಇಲ್ಲ. ಆಹಾರದ ಪ್ರಮಾಣದಲ್ಲಿ ತಿಂದರೆ ಅಪಾಯ ಕಡಿಮೆಯಾದ್ದರಿಂದ ದೋಸೆಗೆ ಅಡ್ಡಿಯಿಲ್ಲ.

ಅಡ್ಡಿಯಿರುವುದು ಕಿವಿನೋವಿಗೆಂದು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಡುವುದಕ್ಕೆ. ದಿಂಡಿಗಲ್ ಜಿಲ್ಲೆಯ ಕೊಡೈಕನಾಲಿನ ಮಲೆಬೆಳ್ಳುಳ್ಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಘಾಟಿಗೂ ಔಷಧಗುಣಕ್ಕೂ ಊರೂರಿನಲ್ಲಿ ಹೆಸರಿದೆ. ಆದರೆ ಕಿವಿಯ ತಮಟೆ ತೂತಾಗಿದೆಯೇ ಎಂದು ಹೊರಗಿನಿಂದ ತಿಳಿಯಲಾಗದು. ತೂತಾಗಿದ್ದಲ್ಲಿ ಕಾಸಿದ ಬೆಳ್ಳುಳ್ಳಿ ಎಣ್ಣೆ ನಡುಗಿವಿಗೇ ಇಳಿಯುತ್ತದೆ.

ಮಲೆಯ ತೈಲಗಳು

ಸುಮಾರು 2,100 ಮೀಟರ್ ಎತ್ತರದ ಕೊಡೈಕನಾಲಿನಿಂದ ಪ್ರವಾಸಿಗರು ಚಾಕೊಲೇಟಿನ ಜೊತೆಗೆ ಕೊಂಡೊಯ್ಯುವ ವಸ್ತು ತೈಲದ ಬಾಟಲಿ. ಅಲ್ಲಿ ಮಾರಾಟವಾಗುವ ತೈಲಗಳಲ್ಲಿ ಎರಡು ಮುಖ್ಯ. ನಾವು ನೀಲಗಿರಿ ಎಣ್ಣೆ ಎನ್ನುವುದು ಆಸ್ಟ್ರೇಲಿಯಾದಿಂದ ಬಂದ ಯೂಕಲಿಪ್ಟಸ್ ಮರದ ಎಲೆಯಿಂದ ಇಳಿಸಿದ್ದು. ಇದರ ಮುಖ್ಯ ಅಂಶ ಸಿನಿಯೋಲ್. ಎರಡನೆಯದು ವಿಂಟರ್‌ಗ್ರೀನ್ ಎಣ್ಣೆ. ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡಿನ ಅಂಚಿನಲ್ಲಿ ಬೆಳೆಯುವ ಗಾಲ್ತೇರಿಯ ಎಂಬ ಪೊದೆಯ ಎಲೆಯಿಂದ ಅದನ್ನು ಪಡೆಯಬಹುದು. ಇದರ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಎಂದರೆ ಆಸ್ಪಿರಿನ್ನಿನ ಹತ್ತಿರದ ಬಂಧು. ಕ್ರೀಡಾಪಟುಗಳ ಸ್ಪ್ರೇ, ಸೊಂಟಕ್ಕೆ ಅಂಟಿಸುವ ಪಟ್ಟಿ, ಬಾಮು ಇವುಗಳ ಪರಿಚಿತ ವಾಸನೆ ಇದರದೇ. ಇಂದು ಮಾರುಕಟ್ಟೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟಿನ ಬಹುಭಾಗ ಕಾರ್ಖಾನೆಯಲ್ಲಿ ತಯಾರಾದದ್ದು; ಎಲೆಯಿಂದ ಬಂದ ಅಣುವಿಗೂ ಕಾರ್ಖಾನೆಯ ಅಣುವಿಗೂ ರಚನೆಯಲ್ಲಿ ವ್ಯತ್ಯಾಸವಿಲ್ಲ.

ಈ ತೈಲಗಳು ಚರ್ಮದ ನರತುದಿಗಳನ್ನು ಬೇರೊಂದು ಸಂವೇದನೆಯಲ್ಲಿ ತೊಡಗಿಸುತ್ತವೆ. ಪುದೀನದ ಮೆಂಥಾಲ್ ತಂಪನ್ನು ಗ್ರಹಿಸುವ ಗ್ರಾಹಕವನ್ನು ತಟ್ಟುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಶಾಖದ ಗ್ರಾಹಕವನ್ನು ತಟ್ಟಿ, ಮೊದಲು ಉರಿಸಿ, ಪದೇ ಪದೇ ಹಚ್ಚಿದಾಗ ಆ ನರತುದಿಯನ್ನೇ ದಣಿಸುತ್ತದೆ. ಶಾಖದ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ದೊರೆಯಿತು. ಕಾಶೀನಾಥುನಿ ನಾಗೇಶ್ವರ ರಾವ್ ಅವರು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿ ಮುಂದೆ ಮದರಾಸಿಗೆ ತಂದ ಅಮೃತಾಂಜನವೂ ಇದೇ ಕುಲದ್ದು.

ಹಚ್ಚುವ ತೈಲ ಹೊಟ್ಟೆಗೆ ಹೋದರೆ ಪ್ರಕರಣವೇ ಬೇರೆ. ಒಂದು ಟೀ ಚಮಚ, ಎಂದರೆ 5 ಮಿಲಿಲೀಟರ್ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಚಿಕ್ಕ ಮಗುವಿಗೆ ಅದು ಪ್ರಾಣಾಂತಕ. ನೀಲಗಿರಿ ಎಣ್ಣೆ ಮತ್ತು ಕರ್ಪೂರ ಹೊಟ್ಟೆ ಸೇರಿದರೆ ಮಕ್ಕಳಿಗೆ ಸೆಳವು ಬರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವಿಂಟರ್‌ಗ್ರೀನ್ ಮುಲಾಮನ್ನು ಹೇರಳವಾಗಿ ಹಚ್ಚಿಕೊಂಡರೆ ಚರ್ಮದ ಮೂಲಕವೇ ಅದು ರಕ್ತಕ್ಕೆ ಸೇರಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ.

ಅಗ್ನಿಶಿಖೆ: ಒಂದೇ ಬಳ್ಳಿಯಲ್ಲಿ ವಿಷ ಮತ್ತು ಔಷಧ

ಈ ಸೀಮೆ ಜಗತ್ತಿನ ಔಷಧೋದ್ಯಮಕ್ಕೆ ನೀಡುವ ಅತ್ಯಂತ ಗಣನೀಯ ನೋವುನಿವಾರಕ ಯಾವ ಮನೆಯ ಅಡಿಗೆಕೋಣೆಯಲ್ಲೂ ಇಲ್ಲ. ಅದು ಒಟ್ಟನ್‌ಛತ್ರಂ ಸುತ್ತಲಿನ ಹೊಲಗಳಲ್ಲಿದೆ. ಮಲೆನಾಡಿನಲ್ಲಿ ಗೌರಿ ಹೂವು ಎಂದು ಪರಿಚಿತವಾದ ಅಗ್ನಿಶಿಖೆ ತಮಿಳಿನಲ್ಲಿ ಸೆಂಗಾಂದಳ್. ಇದು ತಮಿಳುನಾಡಿನ ರಾಜ್ಯಪುಷ್ಪ. ಬೆಳೆಗಾರರು ಇದನ್ನು ಕಣ್ವಲಿ ಕಿಳಂಗು ಎನ್ನುತ್ತಾರೆ. ದಿಂಡಿಗಲ್ ಜಿಲ್ಲೆಯ ಒಟ್ಟನ್‌ಛತ್ರಂನಿಂದ ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರಂವರೆಗಿನ ಒಣ ಕೆಂಪುನೆಲದಲ್ಲಿ ಇದು ವಾಣಿಜ್ಯ ಬೆಳೆ.

ಮುಂಗಾರಿನ ಹೊತ್ತಿಗೆ ನೇಗಿಲಿನಂತೆ ಬಾಗಿದ ಗೆಡ್ಡೆಗಳನ್ನು ನೆಡುತ್ತಾರೆ. ಸಂಸ್ಕೃತದ ಲಾಂಗಲಿ ಎಂಬ ಹೆಸರು ಈ ಆಕಾರದಿಂದಲೇ ಬಂದದ್ದು. ಎಲೆಯ ತುದಿಯೇ ಕುಡಿಯಾಗಿ ಸುರುಳಿಗೊಂಡು ಬಳ್ಳಿ ತಂತಿಗೋ ಪೊದೆಗೋ ಹತ್ತುತ್ತದೆ. ಹೂವಿನ ಶಲಾಕೆ ಕೇಸರಗಳಿಗೆ ಬೆನ್ನು ಹಾಕಿದಂತೆ ಪಕ್ಕಕ್ಕೆ ತಿರುಗಿರುವುದರಿಂದ ಪರಾಗ ತಾನಾಗಿ ಸೇರುವುದು ಕಷ್ಟ. ಹೆಚ್ಚು ಕಾಯಿ ಬೇಕಾದರೆ ಬೆಳಗಿನ ಹೊತ್ತು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಬೇಕು. ನೆಟ್ಟ ಸುಮಾರು ಆರು ತಿಂಗಳಿಗೆ ಬಲಿತ ಕಾಯಿ ಒಡೆದು ಬೀಜ ತೆಗೆಯುತ್ತಾರೆ. ಕಾಲ್ಚಿಸಿನ್ ಎಂಬ ಸಸ್ಯಕ್ಷಾರ ಗೆಡ್ಡೆಗಿಂತ ಬೀಜದಲ್ಲಿ ಅಧಿಕ. ಬೀಜದ ಬಹುಪಾಲು ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ಸಾಗುವುದರಿಂದ ಅಲ್ಲಿನ ಬೇಡಿಕೆ ಇಲ್ಲಿನ ಬೆಲೆಯನ್ನು ಏರಿಳಿಸುತ್ತದೆ.

ಕಾಲ್ಚಿಸಿನ್ನನ್ನು 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂತು ಎಂಬ ರಸಾಯನಜ್ಞರು ಯುರೋಪಿನ ಕಾಲ್ಚಿಕಂ ಗೆಡ್ಡೆಯಿಂದ ಬೇರ್ಪಡಿಸಿದರು. ಅದರ ಪ್ರಧಾನ ಉಪಯೋಗ ಗೌಟ್ ಎಂಬ ಸಂಧಿವಾತದಲ್ಲಿ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಸೂಜಿಯಾಕಾರದ ಹರಳುಗಳಾಗಿ ಕೀಲಿನಲ್ಲಿ, ಬಹುತೇಕ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಕೂರುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ ಉರಿಯೂತ ಎಬ್ಬಿಸುತ್ತವೆ. ರಾತ್ರಿ ಮಲಗಿದವನು ಹೊದಿಕೆಯ ಭಾರವನ್ನೂ ತಾಳಲಾರದೆ ಏಳುವಷ್ಟು ತೀಕ್ಷ್ಣ ನೋವು ಅದು. ಜೀವಕೋಶ ಚಲಿಸಲು, ವಿಭಜಿಸಲು ಅದರೊಳಗೆ ಸೂಕ್ಷ್ಮನಳಿಕೆಗಳು ಜೋಡಣೆಯಾಗಬೇಕು. ಕಾಲ್ಚಿಸಿನ್ ಆ ಜೋಡಣೆಯನ್ನು ತಡೆಯುತ್ತದೆ. ಬಿಳಿ ಕಣಗಳ ಧಾವಂತ ಕುಗ್ಗಿ ನೋವು ಇಳಿಯುತ್ತದೆ.

ಇದೇ ಗುಣ ಪ್ರಮಾಣ ಮೀರಿದಾಗ ಕೊಲ್ಲುತ್ತದೆ. ಸದಾ ವಿಭಜನೆಯಲ್ಲಿರುವ ಕರುಳಿನ ಒಳಪೊರೆ, ಅಸ್ಥಿಮಜ್ಜೆ, ಕೂದಲಿನ ಬುಡ ಇವುಗಳ ಕೋಶಗಳು ಮೊದಲು ಸೋಲುತ್ತವೆ. ಗೌಟ್‌ಗೆ ಕೊಡುವ ಮಾತ್ರೆಯೊಂದರಲ್ಲಿ ಇರುವುದು 0.5 ಮಿಲಿಗ್ರಾಂ; ನೋವು ಎದ್ದ ದಿನದ ಒಟ್ಟು ಪ್ರಮಾಣ 2 ಮಿಲಿಗ್ರಾಂ ಒಳಗೇ ಇರುತ್ತದೆ. ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 0.5 ಮಿಲಿಗ್ರಾಂ ಮೀರಿದರೆ ಸಾವಿನ ಅಪಾಯ ಗಂಭೀರ. ಗೆಣಸೆಂದು ಭ್ರಮಿಸಿ ಅಗ್ನಿಶಿಖೆಯ ಗೆಡ್ಡೆ ತಿಂದವರಲ್ಲಿ ಕೆಲವು ಗಂಟೆಗಳಲ್ಲೇ ವಾಂತಿಭೇದಿ ಆರಂಭವಾಗುತ್ತದೆ. ಅದು ತಗ್ಗಿದಂತೆ ಕಂಡು, ನಂತರದ ದಿನಗಳಲ್ಲಿ ಮೂತ್ರಪಿಂಡ, ಹೃದಯ, ಅಸ್ಥಿಮಜ್ಜೆ ಒಂದೊಂದಾಗಿ ವಿಫಲವಾಗಬಹುದು. ಆಸ್ಪತ್ರೆಗಳಲ್ಲಿ ಸಿಗುವ ನಿರ್ದಿಷ್ಟ ಪ್ರತಿವಿಷ ಇಲ್ಲ. ಆಯುರ್ವೇದ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು ಗೋಮೂತ್ರದಲ್ಲಿ ನೆನೆಸುವ ಶೋಧನೆಯನ್ನು ವಿಧಿಸಿರುವುದು ಹಿಂದಿನವರಿಗೂ ಈ ಅಪಾಯ ತಿಳಿದಿತ್ತೆಂಬುದಕ್ಕೆ ಸಾಕ್ಷಿ. ಗಿಡಮೂಲಿಕೆಯಾದ್ದರಿಂದ ನಿರಪಾಯ ಎಂಬ ವಾದಕ್ಕೆ ಒಟ್ಟನ್‌ಛತ್ರಂನ ಹೊಲಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಮಾತ್ರೆಯೆಲ್ಲ ಗಿಡಕ್ಕೆ ಪರಕೀಯ ಎಂಬ ವಾದಕ್ಕೂ ಅದೇ ಉತ್ತರ.

ಸಿದ್ಧ ವೈದ್ಯ

ದಿಂಡಿಗಲ್ ಜಿಲ್ಲೆಯ ಪಳನಿಯ ದಂಡಾಯುಧಪಾಣಿ ವಿಗ್ರಹವನ್ನು ಬೋಗರ್ ಎಂಬ ಸಿದ್ಧರು ನವಪಾಷಾಣದಿಂದ, ಎಂದರೆ ಒಂಬತ್ತು ವಿಷದ್ರವ್ಯಗಳ ಮಿಶ್ರಣದಿಂದ, ರೂಪಿಸಿದರೆಂದು ಪರಂಪರೆ ಹೇಳುತ್ತದೆ. ಇಂಥ ಸಿದ್ಧರ ಹೆಸರಿನಲ್ಲಿ ಬೆಳೆದ ತಮಿಳರ ಪಾರಂಪರಿಕ ವೈದ್ಯವಾದ ಸಿದ್ಧ ಪದ್ಧತಿ ಕೀಲು, ಬೆನ್ನು, ನರಗಳ ನೋವನ್ನು ಬಹುಮಟ್ಟಿಗೆ ವಾತದ ವಿಕಾರವಾಗಿ ಪರಿಗಣಿಸಿ ತೈಲ, ಪಟ್ಟು, ಕಷಾಯ, ಮರ್ಮಗಳ ಒತ್ತುಚಿಕಿತ್ಸೆ ವಿಧಿಸುತ್ತದೆ. ತಮಿಳುನಾಡಿನ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಿದ್ಧ ವಿಭಾಗವೂ ಅದೇ ಆವರಣದಲ್ಲಿರುತ್ತದೆ. ಡಾ. ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ 1947ರಲ್ಲಿ ಚಿನ್ನಾಳಪಟ್ಟಿಯ ಪಕ್ಕದಲ್ಲಿ ಕಟ್ಟಿದ ಗಾಂಧಿಗ್ರಾಮದಲ್ಲಿಯೂ ಆಧುನಿಕ ಚಿಕಿತ್ಸೆಯ ಕಸ್ತೂರಬಾ ಆಸ್ಪತ್ರೆಯೊಂದಿಗೆ ದೇಶೀಯ ಔಷಧಗಳ ತಯಾರಿಕೆ ಬೆಳೆದುಬಂದಿದೆ. ಲೋಹ, ಪಾಷಾಣ ಸೇರಿದ ಸಿದ್ಧೌಷಧಗಳನ್ನು ನೋಂದಾಯಿತ ವೈದ್ಯರಿಂದಲೇ ಪಡೆಯಬೇಕು. ಸಂತೆಯಲ್ಲಿ ಹೆಸರುಪಟ್ಟಿಯಿಲ್ಲದೆ ಸಿಗುವ ಪುಡಿ ಮಂಡಿನೋವನ್ನು ಒಂದೇ ದಿನದಲ್ಲಿ ಇಳಿಸಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಶಂಕಿಸಲು ಕಾರಣವಿದೆ.

ಮಾತ್ರೆಗಳು

ಅಂಗಡಿಯ ನೋವಿನ ಮಾತ್ರೆಗಳಲ್ಲಿ ಎರಡು ಪಂಗಡ. ಪ್ಯಾರಾಸಿಟಮಾಲ್ ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ನೋವನ್ನೂ ಜ್ವರವನ್ನೂ ತಗ್ಗಿಸುತ್ತದೆ. ಊತದ ಮೇಲೆ ಅದರ ಪ್ರಭಾವ ಅಲ್ಪ. ಜಠರಕ್ಕೆ ಸೌಮ್ಯವಾದ್ದರಿಂದ ಸಾಮಾನ್ಯವಾಗಿ ಮೊದಲ ಆಯ್ಕೆ ಇದೇ. ಆರೋಗ್ಯವಂತ ವಯಸ್ಕರು 500ರಿಂದ 1,000 ಮಿಲಿಗ್ರಾಂವರೆಗೆ, ಕನಿಷ್ಠ 4 ಗಂಟೆಗಳ ಅಂತರದಲ್ಲಿ ಸೇವಿಸಬಹುದು. 24 ಗಂಟೆಗಳಲ್ಲಿ 4 ಗ್ರಾಂ ಮೀರುವಂತಿಲ್ಲ. ಮದ್ಯಪಾನಿಗಳಿಗೆ, ಯಕೃತ್ತಿನ ಕಾಯಿಲೆಯವರಿಗೆ, ತೂಕ ತೀರ ಕಡಿಮೆಯಿರುವವರಿಗೆ ಮಿತಿ ಇನ್ನೂ ಕೆಳಗೆ. ನೆಗಡಿಯ ಮಾತ್ರೆ, ಮೈಕೈನೋವಿನ ಮಾತ್ರೆ, ಜ್ವರದ ಮಾತ್ರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದಾದ್ದರಿಂದ ಹಲವರು ತಿಳಿಯದೆಯೇ ಮಿತಿ ದಾಟುತ್ತಾರೆ. ಯಕೃತ್ತಿಗಾಗುವ ಹಾನಿ ಮೊದಲ ದಿನ ತೋರುವುದಿಲ್ಲ. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ 8 ಗಂಟೆಗಳೊಳಗೆ ದೊರೆತರೆ ಅತ್ಯುತ್ತಮ.

ಎರಡನೆಯ ಪಂಗಡ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ಉರಿಯೂತಶಾಮಕಗಳದು. ಆಸ್ಪಿರಿನ್ನಿನ ಮೂಲ ವಿಲೋ ಮರದ ತೊಗಟೆ. 1897ರಲ್ಲಿ ಬೇಯರ್ ಕಂಪನಿಯಲ್ಲಿ ಅದು ಶುದ್ಧರೂಪದಲ್ಲಿ ಸಿದ್ಧವಾಯಿತು. ಇವು ಪ್ರೊಸ್ಟಗ್ಲ್ಯಾಂಡಿನ್ ಉತ್ಪತ್ತಿಯನ್ನು ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಅದೇ ಪ್ರೊಸ್ಟಗ್ಲ್ಯಾಂಡಿನ್ ಜಠರದ ಪೊರೆಯನ್ನೂ ಮೂತ್ರಪಿಂಡದ ರಕ್ತಸಂಚಾರವನ್ನೂ ಕಾಯುತ್ತದೆ. ಹಸಿದ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ನೀರು ಕುಡಿಯದೆ ಬಿಸಿಲಿನಲ್ಲಿ ದುಡಿಯುವವರಿಗೆ ಹುಣ್ಣು ಮತ್ತು ಮೂತ್ರಪಿಂಡದ ಹಾನಿ ಎರಡೂ ಬರಬಹುದು. ಡೆಂಗಿಯ ಶಂಕೆಯಿರುವ ಜ್ವರದಲ್ಲಿ ಈ ಪಂಗಡವನ್ನು ಪೂರ್ತಿ ದೂರವಿಡಬೇಕು, ಏಕೆಂದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಬಸಿರಿನ 20ನೆಯ ವಾರದ ನಂತರವೂ ವೈದ್ಯರ ಸಲಹೆಯಿಲ್ಲದೆ ಸಲ್ಲದು. ಮಂಡಿ, ಮಣಿಕಟ್ಟಿನಂತಹ ಮೇಲ್ಪದರದ ಕೀಲುಗಳಿಗೆ ಡೈಕ್ಲೊಫೆನಾಕ್ ಜೆಲ್ ಮಾತ್ರೆಗಿಂತ ಸುರಕ್ಷಿತ. ಸೊಂಟದಂತಹ ಆಳದ ನೋವಿಗೆ ಜೆಲ್ ತಲುಪುವುದಿಲ್ಲ.

ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಕಾಲ ಮಾತ್ರೆ ನುಂಗುವವರಲ್ಲಿ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ತರ್ಕವಿಲ್ಲದ ಮಿಶ್ರಣಗಳೂ ಮಾರುಕಟ್ಟೆಯಲ್ಲಿದ್ದವು: 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಸ್ಥಿರಪ್ರಮಾಣ ಮಿಶ್ರಣಗಳನ್ನು ನಿಷೇಧಿಸಿತು, ಅಸಿಕ್ಲೊಫೆನಾಕ್ 50 ಮತ್ತು ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಸೇರಿದ ಮಾತ್ರೆ ಅವುಗಳಲ್ಲಿ ಒಂದು.

ದನದ ನೋವು, ರಣಹದ್ದಿನ ಸಾವು

ಮನುಷ್ಯರಿಗಷ್ಟೇ ಸೀಮಿತವಲ್ಲದ ಒಂದು ಅಧ್ಯಾಯವನ್ನೂ ಇಲ್ಲಿ ಹೇಳಬೇಕು. ಕಂಬಂನ ಒಕ್ಕಲಿಗರು ನಂದಗೋಪಾಲ ಸ್ವಾಮಿಯ ಹೆಸರಿನ ದೊಡ್ಡಿಯಲ್ಲಿ ದೇವರ ದನಗಳ ಹಿಂಡನ್ನು ತಲೆಮಾರುಗಳಿಂದ ಸಾಕುತ್ತಿದ್ದಾರೆ. ಘಟ್ಟದ ತಪ್ಪಲಿನಲ್ಲಿ ಮಲೈಮಾಡು ಎಂಬ ನಾಟಿ ತಳಿಯೂ ಮೇಯುತ್ತದೆ. ದನಗಳ ನೋವಿಗೆಂದು ದೇಶದುದ್ದಕ್ಕೂ ಚುಚ್ಚುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನು ಸೇರಿ, ಅವುಗಳ ಮೂತ್ರಪಿಂಡ ಕೆಡಿಸಿ, ಕೆಲವೇ ವರ್ಷಗಳಲ್ಲಿ ಸಂತತಿಯನ್ನೇ ನಾಶದ ಅಂಚಿಗೆ ತಂದಿತು. ಪಶುಗಳಿಗೆ ಅದರ ಬಳಕೆ 2006ರಲ್ಲಿ ನಿಷೇಧವಾಯಿತು. ಮನುಷ್ಯರಿಗಾಗಿ ಬರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. ಹದ್ದುಗಳಿಗೆ ಹಾನಿ ಮಾಡದ ಮೆಲೊಕ್ಸಿಕಾಂ ಪಶುವೈದ್ಯರ ಬಳಿ ಲಭ್ಯ.

ಮದ್ದಿಗೆ ಕಾಯದೆ ಹೊರಡಬೇಕಾದ ನೋವು

ಎದೆಯ ನಡುವೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ಹರಡುವ ನೋವು, ಬದುಕಿನಲ್ಲೇ ಮೊದಲ ಬಾರಿ ಸಿಡಿಲಿನಂತೆ ಎರಗಿದ ತಲೆನೋವು, ಜ್ವರದೊಡನೆ ಕತ್ತು ಬಿಗಿತ, ಮುಟ್ಟಲಾಗದಂತೆ ಗಟ್ಟಿಯಾದ ಹೊಟ್ಟೆ, ಬೆನ್ನುನೋವಿನ ಜೊತೆಗೆ ಕಾಲು ಸೋತು ಮಲಮೂತ್ರದ ಹಿಡಿತ ತಪ್ಪುವುದು ಇವುಗಳಿಗೆ ಮನೆಯಲ್ಲಿ ಯಾವ ಪ್ರಯೋಗವೂ ಸಲ್ಲದು. ಮುರಿದ ಎಲುಬಿಗೆ ಬಿಗಿಯಾಗಿ ಹಾಕಿದ ನಾಟಿಕಟ್ಟಿನ ಕೆಳಗೆ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಬೇಕು. ಕೆಲವು ಗಂಟೆಗಳ ವಿಳಂಬದಿಂದ ಕೈ ಶಾಶ್ವತವಾಗಿ ಮುರುಟಬಹುದು.

ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಆಂಡಿಪಟ್ಟಿ ದಾರಿಯ ಕೆ. ವಿಲಕ್ಕಿನಲ್ಲಿದೆ, ದಿಂಡಿಗಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹಾಸಿಗೆ ಹಿಡಿದವರಿಗೆ ಮನೆಬಾಗಿಲಿನಲ್ಲೇ ಭೌತಚಿಕಿತ್ಸೆ ಮತ್ತು ನೋವಿನ ಉಪಶಾಮಕ ಆರೈಕೆ ನೀಡುವ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿತು. ತುರ್ತಿಗೆ 108ಕ್ಕೆ ಕರೆ ಮಾಡಬೇಕು. ವಿಷಸೇವನೆಯ ಶಂಕೆಯಿದ್ದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ತಿಂದ ಗೆಡ್ಡೆಯ ಉಳಿದ ತುಂಡು, ತೈಲದ ಬಾಟಲಿ ಅಥವಾ ಮಾತ್ರೆಯ ಖಾಲಿ ಪಟ್ಟಿಯನ್ನು ರೋಗಿಯ ಜೊತೆಯಲ್ಲೇ ಒಯ್ಯಬೇಕು. ಸೇವಿಸಿದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.